ಕುಕ್ಕರ್ ಪುಸ್ತಕ ಓದಿದ ವರ್ಷ

ಕಳೆದ ಭಾನುವಾರ ರದ್ದಿಗೆ ಹಾಕಲೆಂದು ಹಳೆಯ ಪೇಪರುಗಳನ್ನು ಕಟ್ಟುತ್ತಿದ್ದ ನನ್ನ ಹೆಂಡತಿ ವಿಮಲ, ಒಂದು ಸಣ್ಣ ಪುಸ್ತಕವನ್ನು ಎರಡೇ ಬೆರಳಿನಲ್ಲಿ ಹಿಡಿದು ಮೇಲೆತ್ತಿದಳು. ಹೊದಿಕೆ ಎಂದೋ ಕಿತ್ತುಹೋಗಿತ್ತು. ಹಾಳೆಗಳು ನೀರು ಕುಡಿದು ಉಬ್ಬಿ ಹಪ್ಪಳದ ಹಾಗಾಗಿದ್ದವು.

"ರೀ, ಇದನ್ನೂ ಹಾಕ್ಲಾ?"

"ಅದು ಇರ್ಲಿ."

"ಕುಕ್ಕರ್ರೇ ಹೋಗಿ ಎರಡು ವರ್ಷ ಆಯ್ತು. ಅದರ ಪುಸ್ತಕ ಇಟ್ಕೊಂಡು ಏನು ಮಾಡ್ತೀರಾ?"

ಯಾಕೆಂದು ಅವಳಿಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ಒಂದು ಸಲ ನನ್ನನ್ನು ಕೆಣಕದಿದ್ದರೆ ಅವಳಿಗೆ ಕಾಫಿ ಒಳಗಿಳಿಯುವುದಿಲ್ಲ. ಆ ಪುಸ್ತಕ ಪ್ರೆಶರ್ ಕುಕ್ಕರಿನ ಜೊತೆಗೆ ಡಬ್ಬದಲ್ಲಿ ಬಂದದ್ದು. ಅದರಲ್ಲಿ ಕನ್ನಡದ್ದು ಹದಿನಾರು ಪುಟ. ಸಂಧ್ಯಾವಂದನೆಯ ಮಂತ್ರ ನನಗೆ ಅರ್ಧಕ್ಕೇ ಮರೆತುಹೋಗುತ್ತದೆ. ಆದರೆ ಆ ಹದಿನಾರು ಪುಟಗಳನ್ನು ಈಗ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲೆ. "ಬಳಸುವ ಮುನ್ನ ಪಾತ್ರೆಯ ಬಾಯಿಯನ್ನು ಪರೀಕ್ಷಿಸಿ. ಬಿಸಿ ಪಾತ್ರೆಯ ಮುಚ್ಚಳವನ್ನು ಬಲವಂತವಾಗಿ ಬಿಚ್ಚಬೇಡಿ." ಇಂಥ ಸಾಹಿತ್ಯವನ್ನು ಒಬ್ಬ ಮನುಷ್ಯ ವರ್ಷಪೂರ್ತಿ ಓದಿದ್ದಾನೆಂದರೆ ಅವನಿಗೆ ತಲೆ ಕೆಟ್ಟಿರಬೇಕು, ಇಲ್ಲವೇ ಭಯವಾಗಿರಬೇಕು. ನನಗೆ ಭಯವಾಗಿತ್ತು.

ನನಗೆ ಉಗ್ಗು. ಎಲ್ಲ ಅಕ್ಷರಕ್ಕೂ ಅಲ್ಲ. ತುಟಿ ಮುಚ್ಚಿ ತೆರೆಯಬೇಕಾದ ಪ ಮತ್ತು ಬ ಬಂದರೆ ಮಾತ್ರ. ಮುಚ್ಚಿದ ತುಟಿ ಮತ್ತೆ ತೆರೆಯುವುದಿಲ್ಲ. ಒಳಗೆ ಉಸಿರು ಒತ್ತುತ್ತದೆ, ಕತ್ತಿನ ನರ ಉಬ್ಬುತ್ತದೆ, ಎದುರಿಗಿರುವವರು ಮೊದಲು ನನ್ನ ಬಾಯಿ ನೋಡುತ್ತಾರೆ, ಆಮೇಲೆ ನೆಲ ನೋಡುತ್ತಾರೆ. ಬರಿ ಎರಡು ಅಕ್ಷರ ತಾನೆ ಎಂದು ನೀವು ಅಂದುಕೊಳ್ಳಬಹುದು. ಬೆಂಗಳೂರಿನ ಈ ದಿಕ್ಕಿನಲ್ಲಿ ಒಂದು ದಿನ ಬದುಕಿ ನೋಡಿ. ನಮ್ಮ ಮನೆ ಬನಶಂಕರಿ. ನಾನು ಓದಿದ್ದು ಬಸವನಗುಡಿ. ಸೋದರತ್ತೆ ಇದ್ದದ್ದು ಪದ್ಮನಾಭನಗರ. ಆಚೆಗೆ ಹೋದರೆ ಬಿಟಿಎಂ, ಅದನ್ನು ದಾಟಿದರೆ ಬನ್ನೇರುಘಟ್ಟ ರಸ್ತೆ. ಜೆ.ಪಿ. ನಗರ ಸುಲಭವಿದ್ದೀತು ಎಂದರೆ ಅದರ ನಡುವೆಯೂ ಒಂದು ಪಿ ಕೂತಿದೆ.

ಸ್ಕೂಲು ಬಿಟ್ಟು ಬಸ್ಸು ಹತ್ತಿದರೆ ಕಂಡಕ್ಟರು ಹಿಂದಿನ ಸೀಟಿನಿಂದ ಒಬ್ಬೊಬ್ಬರನ್ನೇ ಕೇಳುತ್ತ ಮುಂದೆ ಬರುತ್ತಿದ್ದ. "ಎಲ್ಲಿಗೋ?" ಅಂದರೆ ನನ್ನ ಬಾಯಿಂದ ಬರುತ್ತಿದ್ದದ್ದು "ಜಯನಗರ". ಅಲ್ಲಿ ಇಳಿದು ಚೀಲ ಹೊತ್ತು ಮನೆತನಕ ನಡೆಯುತ್ತಿದ್ದೆ. ಅಮ್ಮ, "ಎಲ್ಲರ ಮಕ್ಕಳೂ ಬಂದು ಆಟಕ್ಕೆ ಹೋಗಿದ್ದಾಯ್ತು, ನೀನು ಎಲ್ಲಿ ಅಲೀತಿದ್ದೆ?" ಎಂದು ಬಯ್ಯುತ್ತಿದ್ದಳು. ಹೈಸ್ಕೂಲಿನ ಮೂರು ವರ್ಷ ಹೀಗೇ ನಡೆದೆ. ಆ ದಾರಿಯ ಒಂದೊಂದು ಮರವೂ ನನಗೆ ಪರಿಚಯ, ಒಂದೊಂದು ನಾಯಿಯೂ ಪರಿಚಯ. ಹೋಟೆಲಿನಲ್ಲೂ ಇದೇ ಕಥೆ. ಬೆಣ್ಣೆ ದೋಸೆಯ ಪರಿಮಳಕ್ಕೆ ಒಳಗೆ ಹೋಗಿ ಇಡ್ಲಿ ತಿಂದು ಹೊರಗೆ ಬಂದಿದ್ದೇನೆ. ನನಗೆ ಇಡ್ಲಿ ಕಂಡರೆ ಆಗುವುದಿಲ್ಲ. ನಲವತ್ತು ವರ್ಷ ಇಡ್ಲಿಯನ್ನೇ ತಿಂದಿದ್ದೇನೆ.

ಕೆಲಸವನ್ನೂ ಬಾಯಿ ನೋಡಿಯೇ ಆರಿಸಿಕೊಂಡೆ. ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆದೆ. ಬೆಳಿಗ್ಗೆಯಿಂದ ಸಂಜೆತನಕ ತಲೆ ತಗ್ಗಿಸಿ ಗೆರೆ ಎಳೆದರೆ ಯಾರೂ ಏನೂ ಕೇಳುವುದಿಲ್ಲ. ಆಫೀಸಿನಲ್ಲಿ ನನಗೆ ಗಂಭೀರ ಮನುಷ್ಯ ಎಂದು ಹೆಸರಿತ್ತು. ಅದನ್ನು ನಾನು ತಿದ್ದಲು ಹೋಗಲಿಲ್ಲ.

ಮಗಳು ಹುಟ್ಟಿದ್ದು ಉತ್ತರೆ ಮೂರನೇ ಪಾದದಲ್ಲಿ. ಪಂಚಾಂಗ ಬಿಡಿಸಿದ ಪುರೋಹಿತರು ಸಂತೋಷದಿಂದ, "'ಪಾ' ಅಕ್ಷರ ಬಂದಿದೆ" ಎಂದರು. ಬೇಡ ಎನ್ನೋಣವೆಂದರೆ ಆ ಬೇಡವೂ ಬಕಾರದಿಂದಲೇ ಶುರು. ನಾನು ಬಾಯಿ ತೆರೆಯುವಷ್ಟರಲ್ಲಿ ವಿಮಲ 'ಪಾವನಿ' ಎಂದು ಹೆಸರಿಟ್ಟಾಗಿತ್ತು. ನಾಮಕರಣದ ದಿನ ತಟ್ಟೆಯ ಅಕ್ಕಿಯ ಮೇಲೆ ಹೆಸರು ಬರೆಸಿದರು. ಬರೆಯುವುದಕ್ಕೇನು, ಗೆರೆ ಎಳೆಯುವುದೇ ನನ್ನ ಕಸುಬು. ಆಮೇಲೆ ತಂದೆಯಾದವನು ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ನಾನು ಬಗ್ಗಿದೆ. ಹಾಲಿನ ವಾಸನೆಯ ಆ ಸಣ್ಣ ಕಿವಿಯ ಹತ್ತಿರ ತುಟಿ ತಂದೆ. ತುಟಿ ಮುಚ್ಚಿತು. ಎಣಿಸಿಕೊಂಡು ಮೂರು ಸಲ ತಲೆ ಆಡಿಸಿ ಎದ್ದೆ. ಎಲ್ಲರೂ ಅಕ್ಷತೆ ಹಾಕಿದರು. ನನ್ನ ಮಗಳ ಕಿವಿಗೆ ನಾನು ಏನೂ ಹೇಳಿರಲಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಮುಂದೆ ಚಿನ್ನ ಎಂದೆ, ಮಗಳೇ ಎಂದೆ, ಏಯ್ ಎಂದೆ. ಇಪ್ಪತ್ತೇಳು ವರ್ಷ ಅವಳನ್ನು ಹೆಸರು ಹಿಡಿದು ಒಂದು ಸಲವೂ ಕರೆಯಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅವಳ ಮದುವೆ ಗೊತ್ತಾಯಿತು. ಹುಡುಗನ ಮನೆ ವಸಂತಪುರದಲ್ಲಿ, ಒಳ್ಳೆಯ ಜನ. ಹುಡುಗನ ಅಕ್ಕನಿಗೆ ಹೆರಿಗೆಯಾಗಲಿ, ಮಗು ಸ್ವಲ್ಪ ದೊಡ್ಡದಾಗಲಿ ಎಂದು ಮುಹೂರ್ತವನ್ನು ಒಂದು ವರ್ಷ ಮುಂದಕ್ಕೆ ಇಟ್ಟುಕೊಂಡರು. ಲಗ್ನಪತ್ರಿಕೆ ಬರೆಯಲು ಬಂದ ಶಾಸ್ತ್ರಿಗಳು ಕಾಫಿ ಕುಡಿಯುತ್ತ, "ಧಾರೆ ಹೊತ್ತಲ್ಲಿ ಪ್ರವರ ಯಜಮಾನ್ರೇ ಹೇಳ್ಬೇಕು. ನಾನು ಹೇಳ್ಕೊಡ್ತೀನಿ, ಆದ್ರೆ ಬಾಯಿ ನಿಮ್ದೇ ಆಗ್ಬೇಕು" ಎಂದರು. ನಾನು ಲೋಟದೊಳಗೆ ನೋಡುತ್ತ ಕೂತೆ.

ವಿಮಲ ತಕ್ಷಣ, "ನೀವೇ ಹೇಳ್ಬಿಡಿ ಶಾಸ್ತ್ರಿಗಳೇ. ಇವರಿಗೆ ಗಂಟಲು ಸ್ವಲ್ಪ ಸರಿಯಿರಲ್ಲ" ಎಂದಳು. ಮೂವತ್ತು ವರ್ಷದಿಂದ ನನ್ನ ಗಂಟಲನ್ನು ಅವಳು ಹೀಗೇ ಕಾಪಾಡಿಕೊಂಡು ಬಂದಿದ್ದಾಳೆ.

ಒಳಗಿನಿಂದ ಪಾವನಿಯ ದನಿ ಬಂತು. "ಬೇಡ ಅಮ್ಮ. ಅಪ್ಪಾನೇ ಹೇಳ್ಲಿ. ಎಷ್ಟು ಹೊತ್ತಾದ್ರೂ ಪರ್ವಾಗಿಲ್ಲ."

ಶಾಸ್ತ್ರಿಗಳು ಹೋದ ಮೇಲೆ, ಅವರು ಪ್ರವರ ಬರೆದುಕೊಟ್ಟಿದ್ದ ಚೀಟಿ ತೆಗೆದು ನೋಡಿದೆ. ಇಂಥವರ ಪ್ರಪೌತ್ರೀಂ, ಇಂಥವರ ಪೌತ್ರೀಂ, ಇಂಥವರ ಪುತ್ರೀಂ, ಪಾವನೀ ನಾಮ್ನೀಂ ಕನ್ಯಾಂ. ಮುತ್ತಾತನಿಂದ ಮಗಳತನಕ ಸಾಲಾಗಿ ಪಕಾರವೇ ನಿಂತಿದೆ. ನನ್ನೊಬ್ಬನನ್ನು ಹಿಡಿದುಹಾಕಲೆಂದೇ ಯಾರೋ ಕೂತು ಮಾಡಿದ ಮಂತ್ರದ ಹಾಗಿತ್ತು. ಅದೂ ಮೈಕಿನಲ್ಲಿ, ನಾನೂರು ಜನರ ಎದುರಿಗೆ. ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ. ಅರವತ್ತೊಂದನೇ ವಯಸ್ಸಿನಲ್ಲಿ ಮೊದಲ ಬಾರಿಗೆ ಮಾತಿನ ಡಾಕ್ಟರನ್ನು ಹುಡುಕಿಕೊಂಡು ಹೋದೆ.

ಜಯನಗರದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ ಅವರ ಕ್ಲಿನಿಕ್ಕು. ಡಾಕ್ಟರೆಂದು ನಾನು ಅಂದುಕೊಂಡಿದ್ದವರು ಸ್ಪೀಚ್ ಥೆರಪಿಸ್ಟ್ ಸುವರ್ಣಾ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಗದಗದ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗಿದ್ದಾಳೆ. ನನ್ನ ಕಥೆಯನ್ನು ನಾನು ಹೇಳಿ ಮುಗಿಸುವವರೆಗೂ ನಡುವೆ ಒಂದು ಮಾತೂ ಆಡದೆ ಕೂತಿದ್ದಳು. ಅದಕ್ಕೇ ಮುಕ್ಕಾಲು ಗಂಟೆ ಆಯಿತು.

"ಹೆದರಿಕಿಗೆ ನನ್ನ ಹತ್ರ ಔಷಧ ಇಲ್ರಿ ಸರ. ದಿನಾ ಮುಂಜಾನೆ ಇಪ್ಪತ್ತು ಮಿನಿಟ್ ಜೋರಾಗಿ ಓದ್ರಿ. ಪ, ಬ ಭಾಳ ಇದ್ದದ್ದು ಏನರ ಒಂದು ಹುಡುಕ್ರಿ. ತುಟಿ ಮೆತ್ತಗ ಮುಚ್ಚಬೇಕು, ಒತ್ತಬಾರ್ದು. ಮೊದಲನೇ ಅಕ್ಷರ ಉದ್ದ ಎಳೀರಿ. ಅದನ್ನ ಓದ್ರಿ, ಮತ್ತ ಅದನ್ನ ಓದ್ರಿ."

"ಎಷ್ಟು ದಿನ ಮೇಡಂ?"

"ಬ್ಯಾಸರ ಆಗೂ ತನಕ."

"ಆಮೇಲೆ?"

"ಆಮ್ಯಾಲ ಖರೇ ಅಭ್ಯಾಸ ಚಾಲೂ ಆಗ್ತದ್ರಿ."

ಹೀಗೆ ಕುಕ್ಕರ್ ಪುಸ್ತಕ ನನ್ನ ಕೈಗೆ ಬಂತು. ಪಾತ್ರೆ, ಬಿಸಿ, ಪರೀಕ್ಷಿಸಿ, ಬಳಸಿ, ಬಿಚ್ಚಿ: ನನಗೆ ಬೇಕಾದ ಕಂಟಕವೆಲ್ಲ ಒಂದೇ ಕಡೆ ಸಿಕ್ಕಿತ್ತು. ಮೊದಲ ವಾರ ಉತ್ಸಾಹವೋ ಉತ್ಸಾಹ. ಎರಡನೇ ವಾರಕ್ಕೆ ಮುಂದಿನ ಸಾಲು ನಾಲಿಗೆಗೆ ತಾನೇ ಬರತೊಡಗಿತು. ಒಂದು ತಿಂಗಳಾಗುವಷ್ಟರಲ್ಲಿ ರಬ್ಬರ್ ಗ್ಯಾಸ್ಕೆಟ್ ಎಂಬ ಮಾತು ಕೇಳಿದರೆ ವಾಕರಿಕೆ ಬರುವಂತಾಯಿತು. ಏನೂ ಆಗುತ್ತಿರಲಿಲ್ಲ, ಅದೇ ಕಷ್ಟ. ನಿನ್ನೆ ಹೇಗಿತ್ತೋ ಇವತ್ತೂ ಹಾಗೇ. ಜ್ವರವಾದರೆ ಇಳಿದದ್ದು ಗೊತ್ತಾಗುತ್ತದೆ. ಇದು ಏರುತ್ತಿದೆಯೋ ಇಳಿಯುತ್ತಿದೆಯೋ ಒಂದೂ ತಿಳಿಯುವುದಿಲ್ಲ. ಪುಟ ಒಂದರಿಂದ ಹದಿನಾರು, ಮತ್ತೆ ಒಂದು.

ನಾಲ್ಕನೇ ತಿಂಗಳು ಒಂಬತ್ತು ದಿನ ಬಿಟ್ಟೆ. ಮೊದಲ ದಿನ ನೆಗಡಿಯೆಂಬ ಕಾರಣವಿತ್ತು. ಎರಡನೇ ದಿನ ನೆಗಡಿ ಇರಲಿಲ್ಲ, ಕಾರಣ ಇತ್ತು. ಆಮೇಲೆ ಕಾರಣವೂ ಬೇಕಾಗಲಿಲ್ಲ. ಬೇಸರ ಬಂದಿದೆ, ನಾಲ್ಕು ದಿನ ಬಿಟ್ಟರೆ ಏನು ಮುಳುಗುತ್ತದೆ ಎಂದುಕೊಂಡೆ. ಒಂಬತ್ತನೇ ದಿನ ಕಲ್ಯಾಣ ಮಂಟಪದ ಮ್ಯಾನೇಜರು ಫೋನು ಮಾಡಿ, "ಮಗಳ ಹೆಸರು ಹೇಳಿ ಸಾರ್, ಬೋರ್ಡಿಗೆ ಬರ್ಕೋಬೇಕು" ಎಂದ. ನನ್ನ ತುಟಿ ಮುಚ್ಚಿತು. ಅವನು "ಹಲೋ, ಹಲೋ" ಎನ್ನುತ್ತಿದ್ದ. ನಾನು ಫೋನು ಕಟ್ ಮಾಡಿ, ಸಿಗ್ನಲ್ ಹೋಯಿತೆಂದು ಮೆಸೇಜು ಕಳಿಸಿದೆ, ಹೆಸರನ್ನೂ ಟೈಪು ಮಾಡಿದೆ. ಆ ಒಂಬತ್ತು ದಿನ ನಾನು ಬೇಸರವೆಂದು ಕರೆದದ್ದರಲ್ಲಿ ಮುಕ್ಕಾಲು ಪಾಲು ಭಯವೇ ಇತ್ತು. ಓದಿಯೂ ಬರದಿದ್ದರೆ ಗತಿಯೇನು ಎಂಬ ಭಯ. ಓದದೇ ಇದ್ದರೆ, ಓದಲಿಲ್ಲ ಅದಕ್ಕೇ ಬರಲಿಲ್ಲ ಎಂದಾದರೂ ಹೇಳಿಕೊಳ್ಳಬಹುದಲ್ಲ! ಮರುದಿನ ಮತ್ತೆ ಪುಟ ಒಂದು.

ಈಗ ನಾನು ಮಾಡಿದ ಘನಕಾರ್ಯವನ್ನು ಹೇಳಬೇಕು. ಇದನ್ನೆಲ್ಲ ನಾನು ಓದುತ್ತಿದ್ದದ್ದು ಬಚ್ಚಲುಮನೆಯಲ್ಲಿ. ಬಾಗಿಲ ಚಿಲಕ ಹಾಕಿ, ಬಕೆಟ್ಟಿಗೆ ನಲ್ಲಿ ಬಿಟ್ಟು, ಆ ಸದ್ದಿನ ಮರೆಯಲ್ಲಿ. ವಿಮಲಳಿಗೂ ಪಕ್ಕದ ಮನೆಯವರಿಗೂ ಕೇಳಬಾರದೆಂಬ ನಾಚಿಕೆ. ಕಾವೇರಿ ನೀರು ಬಾರದ ದಿನ ಎಕ್ಸಾಸ್ಟ್ ಫ್ಯಾನು ಹಾಕಿಕೊಳ್ಳುತ್ತಿದ್ದೆ. ತುಂಬಿದ ನೀರನ್ನೆಲ್ಲ ಗಿಡಗಳಿಗೆ ಹಾಕುತ್ತಿದ್ದೆ. ಆ ವರ್ಷ ನಮ್ಮ ದಾಸವಾಳ ಬಿಟ್ಟಷ್ಟು ಹೂವು ಎಂದೂ ಬಿಟ್ಟಿರಲಿಲ್ಲ. ಬಚ್ಚಲಿನಲ್ಲಿ ನನ್ನ ಪಕಾರಗಳು ಮಲ್ಲಿಗೆಯ ಹಾಗೆ ಅರಳುತ್ತಿದ್ದವು. ಕ್ಲಿನಿಕ್ಕಿನಲ್ಲೂ ಪರವಾಗಿರಲಿಲ್ಲ. ಸುವರ್ಣಾ ತಲೆದೂಗುತ್ತಿದ್ದಳು.

ಎಂಟನೇ ತಿಂಗಳು ಕ್ಲಿನಿಕ್ಕಿಗೆ ಏಸಿ ಹಾಕಿಸಿದರು. ಕಿಟಕಿ ಮುಚ್ಚಿತ್ತು. ಕೆಳಗಿನ ಬಸ್ಸು, ಆಟೋ, ಹಾರನ್ನು ಯಾವುದೂ ಕೇಳಿಸುತ್ತಿರಲಿಲ್ಲ. ನಾನು ಪುಸ್ತಕ ತೆರೆದೆ. "ಬಳಸುವ" ಎಂಬ ಮೊದಲ ಪದಕ್ಕೇ ತುಟಿ ಅಂಟಿಕೊಂಡಿತು. ಹೈಸ್ಕೂಲಿನ ಬಸ್ಸಿನಲ್ಲಿ ಹೇಗೋ ಹಾಗೇ.

"ಇದೇನ್ರಿ ಸರ? ಹೋದ ತಿಂಗಳ ಛಲೋ ಓದಿದ್ರಲ್ಲ? ಮನ್ಯಾಗ ಎಲ್ಲಿ ಕೂತು ಓದ್ತೀರಿ?"

ನಲ್ಲಿಯ ವಿಷಯ ಹೇಳಿದೆ. ಅವಳು ಹಣೆಗೆ ಕೈ ಹಚ್ಚಿಕೊಂಡಳು. "ಸದ್ದಿನ್ಯಾಗ ನಿಮ್ಮ ದನಿ ನಿಮಗ ಕೇಳಂಗಿಲ್ಲ. ಅದಕ್ಕ ಹೆದರಿಕಿ ಇಲ್ಲ, ಅದಕ್ಕ ಮಾತು ಬರ್ತದ. ಇಷ್ಟು ದಿನ ನೀರಿಗೆ ಓದೀರಿ, ಮಂದಿಗಲ್ಲ. ಇವತ್ತಿನಿಂದ ಮನೀಯವ್ರ ಮುಂದ ಕೂತು ಓದ್ರಿ. ಫ್ಯಾನ್ ಸೈತ ಬಂದ್ ಇರ್ಲಿ. ದಿನಾ ಹತ್ತು ಸರ್ತಿ ಮಗಳ ಹೆಸರ ಹೇಳ್ರಿ."

ಮದುವೆಗೆ ಇನ್ನು ನಾಲ್ಕು ತಿಂಗಳಿತ್ತು. ಎಂಟು ತಿಂಗಳ ಬೇಸರವನ್ನು ನುಂಗಿದ್ದು ಬಕೆಟ್ಟಿನಲ್ಲಿ ಹೋಯಿತಲ್ಲ ಎಂದು ಮೆಟ್ಟಿಲಿಳಿಯುವಾಗ ಅಳು ಬಂತು. ಅಂಗಡಿಯ ಗೊಂಬೆಗಳ ಮುಂದೆ ನಿಂತು ಕನ್ನಡಕ ಒರೆಸಿಕೊಂಡೆ.

ಮರುದಿನ ನಡುಮನೆಯಲ್ಲಿ, ವಿಮಲಳ ಎದುರು, ಫ್ಯಾನು ಆರಿಸಿ ಕೂತೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಮೊದಲ ಪುಟ ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಅವಳು ತಲೆಯೆತ್ತಲಿಲ್ಲ. ಮುಗಿದ ಮೇಲೆ, "ಮುಚ್ಚಳದ ಹತ್ರ ಚೆನ್ನಾಗಿ ಬಂತು ರೀ" ಎಂದಳು. ಅಲ್ಲಿಂದ ಮುಂದೆ ಪ್ರತಿದಿನ ಒಂದು ತರಕಾರಿ, ಒಂದು ಪುಟ, ಕ್ರಮೇಣ ಎರಡು, ಮೂರು. ನನಗಿದ್ದ ಬೇಸರ ಒಂದು ಕಡೆ, ಅವಳ ಬೇಸರವನ್ನು ಯೋಚಿಸಿ. ಕುಕ್ಕರಿನ ಮುಚ್ಚಳವನ್ನು ಬಲವಂತವಾಗಿ ಬಿಚ್ಚಬಾರದೆಂಬುದನ್ನು ಮೂವತ್ತು ವರ್ಷ ಅಡುಗೆ ಮಾಡಿದವಳಿಗೆ ನೂರಿಪ್ಪತ್ತು ಸಲ ಹೇಳಿದ್ದೇನೆ. ಒಂದು ದಿನವೂ ಎದ್ದುಹೋಗಲಿಲ್ಲ. ಚೀಟಿಯ ಪ್ರಪೌತ್ರೀಂ, ಪೌತ್ರೀಂಗಳನ್ನೂ ಅವಳ ಮುಂದೆ ಎಳೆದೆಳೆದು ಓದಿದೆ.

ಹೆಸರನ್ನು ಮಾತ್ರ ಹೇಳಲಿಲ್ಲ. ಪಾತ್ರೆ ಎಂದೆ, ಪಾಲಕ್ ಎಂದೆ, ಪಾಯಸ ಎಂದೆ, ಪಾವ... ಎಂಬಲ್ಲಿಗೆ ಬಂದು ಪುಟ ತಿರುಗಿಸಿದೆ. ಹೇಳಿ ನೋಡಿ ಬರದಿದ್ದರೆ, ಬರುವುದಿಲ್ಲವೆಂದು ಖಾತ್ರಿಯಾಗಿಬಿಡುತ್ತದೆ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಳ್ಳುತ್ತಲೇ ಮದುವೆಯ ದಿನ ಬಂತು.

ಛತ್ರಕ್ಕೆ ಹೋದವನೇ ಮೊದಲು ಓಲಗದವರ ಹತ್ತಿರ ಹೋದೆ. ಧಾರೆಯ ಹೊತ್ತಿನಲ್ಲಿ ಡೋಲನ್ನು ಸ್ವಲ್ಪ ಜೋರಾಗಿಯೇ ಬಾರಿಸುತ್ತಿರಿ ಎಂದು ಹೇಗೋ ಕೇಳಿಕೊಂಡೆ. ಬಚ್ಚಲುಮನೆಯ ಬುದ್ಧಿ ಎಲ್ಲಿ ಹೋಗುತ್ತದೆ! ಡೋಲಿನವರು, "ಶಾಸ್ತ್ರಿಗಳು ಕೈ ಎತ್ತಿದ್ರೆ ನಿಲ್ಲಿಸ್ಲೇಬೇಕು ಸಾರ್" ಎಂದರು. ಅಷ್ಟರಲ್ಲಿ ವಿಮಲಳ ತಮ್ಮ ನಾಗರಾಜ ನನ್ನನ್ನು ಪಕ್ಕಕ್ಕೆ ಕರೆದ. "ಭಾವ, ಟೆನ್ಷನ್ ತಗೋಬೇಡಿ. ನೀವು ಸುಮ್ನೆ ತುಟಿ ಆಡ್ಸಿ. ನಾನು ಮುಂದಿನ ಸಾಲಲ್ಲೇ ಕೂತಿರ್ತೀನಿ, ಎದ್ದು ಬಂದು ಹೇಳ್ಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ." ಬಹಳ ಒಳ್ಳೆಯವನು. ನಾನು ಹೂಂ ಎನ್ನುವುದರಲ್ಲಿದ್ದೆ, ಅಷ್ಟರಲ್ಲಿ ಮಂಟಪಕ್ಕೆ ಕರೆ ಬಂತು.

ಮುಹೂರ್ತ ಬಂತು. ಮಗಳ ಕೈ, ಅಳಿಯನ ಕೈ, ನಡುವೆ ತೆಂಗಿನಕಾಯಿ, ಕೆಳಗೆ ನನ್ನ ಕೈ. ವಿಮಲ ತಂಬಿಗೆ ಹಿಡಿದು ನಿಂತಿದ್ದಳು. ಶಾಸ್ತ್ರಿಗಳು ಕೈ ಎತ್ತಿದರು. ಓಲಗ ನಿಂತಿತು. ಅಷ್ಟು ದೊಡ್ಡ ಛತ್ರದಲ್ಲಿ ಅಂಥ ನಿಶ್ಶಬ್ದ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ಮೈಕನ್ನು ನನ್ನ ಬಾಯಿಗೆ ಹಿಡಿದರು. ನನ್ನ ಉಸಿರು ನನಗೇ ನಾಲ್ಕು ಮೂಲೆಯಿಂದ ಕೇಳಿಸಿತು.

ಗೋತ್ರ ಹೇಳಿದೆ. ಮುತ್ತಾತನ ಹೆಸರು ಹೇಳಿದೆ. ಪ್ರಪೌತ್ರೀಂ ಬಂತು. ತುಟಿ ಮುಚ್ಚಿತು.

ಎಷ್ಟು ಹೊತ್ತೋ ಗೊತ್ತಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬರು ನನ್ನ ಪರವಾಗಿ ತಮ್ಮ ತುಟಿ ಆಡಿಸುತ್ತಿದ್ದರು. ನಾಗರಾಜ ಕುರ್ಚಿಯ ಅಂಚಿಗೆ ಬಂದಿದ್ದ. ಶಾಸ್ತ್ರಿಗಳು ಬಾಯಿ ತೆರೆದರು. ಆಗ ಪಾವನಿ ತಲೆ ಎತ್ತದೆ, ಮೈಕಿಗೆ ಬೀಳದಷ್ಟು ಮೆಲ್ಲಗೆ, "ಅಪ್ಪ, ನಿಧಾನ. ನಾನೇನು ಎಲ್ಲೂ ಹೋಗಲ್ಲ" ಎಂದಳು. ಅವಳು ಗಂಡನ ಮನೆಗೆ ಹೊರಟು ನಿಂತವಳು!

ಧೈರ್ಯ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ನಾಲ್ಕು ತಿಂಗಳು ಪ್ರತಿ ಬೆಳಿಗ್ಗೆ ಹುರುಳಿಕಾಯಿಯ ಮುಂದೆ, ಅವರೆಕಾಯಿಯ ಮುಂದೆ, ಸೊಪ್ಪಿನ ಮುಂದೆ ಮಾಡಿದ್ದನ್ನೇ ತುಟಿಗಳು ಮಾಡಿದವು. ಬಿಗಿ ಬಿಟ್ಟು, ಮೆತ್ತಗಾಗಿ, ಎಳೆದವು. ಪ್ರಪೌತ್ರೀಂ ಬಂತು. ಪೌತ್ರೀಂ ಬಂತು. ಪುತ್ರೀಂ ಎಂಬಲ್ಲಿ ಒಂದು ಸಲ ಎಡವಿದೆ. ಆಮೇಲೆ ಪಾ ಎಂದು ಶುರು ಮಾಡಿ, ಉಸಿರು ಇರುವಷ್ಟೂ ಎಳೆದು, ಪಾವನೀ ಎಂದೆ. ಮಗಳು ತಲೆ ಎತ್ತಿ ನನ್ನನ್ನು ನೋಡಿದಳು. ವಿಮಲ ಆಗಲೇ ತಂಬಿಗೆ ಬಗ್ಗಿಸಿದ್ದಳು.

"ಇನ್ನೂ ಎರೀಬೇಡಿ ಅಮ್ಮ," ಎಂದರು ಶಾಸ್ತ್ರಿಗಳು. ನನ್ನ ಕಡೆ ತಿರುಗಿ, "ಯಜಮಾನ್ರೇ, ಇನ್ನೆರಡು ಸಲ" ಎಂದರು.

ಪ್ರವರವನ್ನು ಮೂರು ಸಲ ಹೇಳಬೇಕೆಂಬುದು ಹತ್ತಾರು ಮದುವೆ ನೋಡಿದವರಿಗೆಲ್ಲ ಗೊತ್ತು. ನನಗೆ ಗೊತ್ತಿರಲಿಲ್ಲ. ಯಾರಾದರೂ ಮಾತಾಡಿಸಿಯಾರೆಂಬ ಹೆದರಿಕೆಗೆ ಎಲ್ಲ ಮದುವೆಗಳಲ್ಲೂ ಧಾರೆಯ ಹೊತ್ತಿಗೆ ನಾನು ಕೆಳಗೆ ಊಟದ ಹಾಲಿನಲ್ಲಿ ಎಲೆ ಹಾಸುವವರ ಪಕ್ಕದಲ್ಲಿ ನಿಂತಿರುತ್ತಿದ್ದೆ. ಕಾಲ ಕೆಳಗಿನ ಮಣೆ ಜರುಗಿದಂತಾಯಿತು. ಮತ್ತೆ ಗೋತ್ರ, ಮತ್ತೆ ಮುತ್ತಾತ. ಎರಡನೆಯ ಸಲ ಎರಡು ಕಡೆ ನಿಂತೆ, ಎಳೆದೆ, ದಾಟಿದೆ. ಮೂರನೆಯ ಸಲ ಶುರು ಮಾಡುವಾಗಲೂ ಭಯ ಅಲ್ಲೇ ಇತ್ತು. ಪ್ರಪೌತ್ರೀಂ, ಪೌತ್ರೀಂ ಎನ್ನುತ್ತ, ಯಾರು ಹೇಗೆ ನೋಡುತ್ತಿದ್ದಾರೋ ಎಂದು ಅಂಜುತ್ತ, ಕಣ್ಣೆತ್ತಿ ಸಭೆಯ ಕಡೆ ನೋಡಿದೆ.

ಯಾರೂ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಪರವಾಗಿ ತುಟಿ ಆಡಿಸುತ್ತಿದ್ದ ಹೆಂಗಸು ಪಕ್ಕದವರ ಸೀರೆಯ ಅಂಚು ಹಿಡಿದು ಏನೋ ಕೇಳುತ್ತಿದ್ದರು. ಹಿಂದಿನ ಸಾಲಿನವರು ಒಬ್ಬೊಬ್ಬರೇ ಊಟದ ಕಡೆ ಜಾರುತ್ತಿದ್ದರು. ನಾಗರಾಜ ಕುರ್ಚಿಗೆ ಒರಗಿ, ಬಾಯಿಗೆ ಕೈ ಅಡ್ಡ ಇಟ್ಟು, ಉದ್ದಕ್ಕೆ ಒಂದು ಆಕಳಿಕೆ ತೆಗೆದ. ನಾನು ಮಾತಾಡುವಾಗ ಜನ ಉಸಿರು ಬಿಗಿಹಿಡಿದದ್ದನ್ನು ನೋಡಿದ್ದೇನೆ, ಕನಿಕರದಿಂದ ಮುಖ ತಿರುಗಿಸಿದ್ದನ್ನು ನೋಡಿದ್ದೇನೆ, ನಕ್ಕದ್ದನ್ನೂ ನೋಡಿದ್ದೇನೆ. ನನ್ನ ಮಾತಿನಿಂದ ಯಾರಿಗಾದರೂ ಬೇಸರವಾದದ್ದು ಈ ಜನ್ಮದಲ್ಲಿ ಅದೇ ಮೊದಲು. ಕಣ್ಣು ತುಂಬಿ ಬಂತು. ಉಳಿದದ್ದು ಮಗಳ ಹೆಸರೊಂದೇ. ಅದನ್ನು ಹೇಳಿ ಮುಗಿಸಲು ನಾನು ಆತುರ ಮಾಡಲಿಲ್ಲ.